ನಾಲಗೆ ಪಾಳಿ

ಈ ಸಲ ಉಪ್ಪು ಜನವರಿಯಲ್ಲೇ ಹತ್ತಿತು.
ಶಿರಿಯ ಹೊಳೆಯ ಮೆಟ್ಟಿಲೆಲ್ಲ ಅದಕ್ಕೆ ಬಾಯಿಪಾಠ:
ಮೊದಲು ರೈಲು ಸಂಕದಡಿ ಮರುವಾಯಿ ಹೆಕ್ಕುವ ಜಾಗ,
ಆಮೇಲೆ ಹಳೆ ಕಡವು,
ಆಮೇಲೆ ಅಂದುಞಿಯವರ ಬಾವಿ.

ನಾನು ಪಂಚಾಯತಿನ ಪಂಪು ಬಿಡುವವ.
ನನ್ನ ಹತ್ತಿರ ಇರುವುದು ಒಂದು ಸ್ವಿಚ್ಚು, ಒಂದು ಬೀಗದ ಕೈ,
ತಿಂಗಳಿಗೊಮ್ಮೆ ಕಾಸರಗೋಡಿನಿಂದ ಬರುವ ಲ್ಯಾಬ್ ಚೀಟಿ.
ಚೀಟಿ ತಲುಪುವಾಗ ಆ ನೀರನ್ನು
ಕುಡಿದು, ಗಂಜಿ ಬೇಯಿಸಿ, ಮಗುವನ್ನು ಮೀಯಿಸಿ ಆಗಿರುತ್ತದೆ.

ಅದಕ್ಕೇ ನಮಗೆ ದೇಯಿಯಕ್ಕನ ನಾಲಗೆ.
ಚಾ ಕುಡಿಯುವ ಮೊದಲು, ಎಲೆ ಹಾಕುವ ಮೊದಲು
ಒಂದು ಗುಟುಕು. ಬಾಯೊಳಗೆ ತಿರುಗಿಸಿ, ಉಗುಳಿ,
'ಬಂತು' ಅನ್ನುತ್ತಿದ್ದಳು,
ಬೇಡದ ನೆಂಟರನ್ನು ದೂರದಿಂದ ಕಂಡವಳ ಹಾಗೆ.
ಲ್ಯಾಬಿನವರು ಹತ್ತು ದಿನ ಬಿಟ್ಟು ಹೌದು ಅನ್ನುತ್ತಿದ್ದರು.

ಮೊದಲೆಲ್ಲ ಶಿವರಾತ್ರಿ ಕಳೆಯಬೇಕಿತ್ತು ಅದು ಬರಲು.
ಈಗ ಮೇಲಿನಿಂದ ನೂಕಲು ಹೊಳೆಗೆ ತ್ರಾಣವಿಲ್ಲ.
ಆಟಿ ತಿಂಗಳಿಡೀ ಬೀಳಬೇಕಾದ್ದು
ಮೂರು ದಿನದಲ್ಲಿ ಬಿದ್ದು ಓಡುತ್ತದೆ,
ಕೊನೆಯ ಬಸ್ಸು ತಪ್ಪೀತೆಂಬ ಹಾಗೆ.
ಕೆಳಗೆ ಕಡಲು ಉಬ್ಬಿ
ಬಾಗಿಲು ತಟ್ಟದೆ ಒಳಗೆ.

ಡಿಸೆಂಬರಿನಲ್ಲಿ ದೇಯಿಯಕ್ಕನಿಗೆ ಜ್ವರ.
ಹದಿನೈದು ದಿನ. ಎದ್ದಾಗ ನಾಲಗೆ ಖಾಲಿ.
ಉಪ್ಪಿನಕಾಯಿಯೂ ಒಂದೇ, ಬಂಗುಡೆಯೂ ಒಂದೇ.
ಸಂಕದಡಿಯ ನೀರು ಕೊಟ್ಟೆ. ಉಗುಳಲಿಲ್ಲ, ನುಂಗಿದಳು.
'ಒಳ್ಳೆ ನೀರು' ಅಂದಳು,
ಆಮೇಲೆ ನನ್ನ ಮುಖ ನೋಡಿ:
'ನನ್ನನ್ನು ನಂಬಬೇಡ ಮಾರಾಯಾ,
ನನಗಿನ್ನು ಕಡಲೂ ಒಳ್ಳೆ ನೀರೇ.'

ಆ ರಾತ್ರಿ ಅಂದುಞಿಯವರ ಅಂಗಡಿ ಜಗಲಿಯಲ್ಲಿ
ತುಳುವಿನಲ್ಲಿ ಜಗಳ, ಬ್ಯಾರಿಯಲ್ಲಿ ಜಗಳ,
ಮಲಯಾಳದಲ್ಲಿ ಅರ್ಜಿ ಬರೆಯುವವ ಒಬ್ಬ.
ಬೀಡಿ ಕಟ್ಟುವ ಸೆಲಿನಾ ಬಾಯಿ ಸೂಪು ಮಡಿಲಲ್ಲಿಟ್ಟೇ ಹೇಳಿದಳು:
'ಒಬ್ಬಳ ನಾಲಗೆ ಸತ್ತೀತು.
ಮೂವತ್ತಾರು ಮನೆಯ ನಾಲಗೆ
ಒಟ್ಟಿಗೇ ಸಾಯುವುದುಂಟೋ?'

ಅಂದಿನಿಂದ ಪಾಳಿ, ರೇಶನ್ ಕಾರ್ಡಿನ ಕ್ರಮದಲ್ಲಿ.
ಅಂಗಡಿಯ ಸಾಲದ ಪುಸ್ತಕದ ಹಿಂಬದಿ ಹಾಳೆಯಲ್ಲಿ
ಬಾವಿ, ತಾರೀಕು, ಚಪ್ಪೆಯೋ, ಉಪ್ಪೋ.
ದೇಯಿಯಕ್ಕ ಕುರ್ಚಿಯಲ್ಲಿ ಕೂತು ಕಲಿಸುತ್ತಾಳೆ:
'ತುದಿಯ ಮಾತು ಕೇಳಬೇಡ, ನಾಲಗೆಯ ಬದಿಯನ್ನು ಕೇಳು.'
ಆರನೇ ಕ್ಲಾಸಿನ ಜಸೀಲ ಒಂದು ದಿನ ಬರೆದಳು,
'ಕಣ್ಣೀರಿನ ಅರ್ಧ.'
ಯಾರೂ ಅದರ ಅರ್ಥ ಕೇಳಲಿಲ್ಲ.

ಮರುದಿನ ಅಷ್ಟಮಿ, ಕಡಲಿಗೆ ಮೈ ಬಾರದ ದಿನ.
ಒಂದು ತಿಂಗಳು ಮೊದಲೇ ಕಟ್ಟ ಕಟ್ಟಿದೆವು:
ಸಿಮೆಂಟು ಚೀಲದಲ್ಲಿ ಮಣ್ಣು, ಹಳೆ ಬಲೆ, ಬಿದಿರು,
ದೋಣಿಯೊಂದರ ಮುರಿದ ಹಲಗೆ.
ಬಾರದವರೂ ಇದ್ದರು. ಅವರ ಬಾವಿಗೂ ಒಸರು ಇಳಿದೀತು;
ನೀರಿಗೆ ಹಾಜರಿ ಕರೆಯಲು ಬರುವುದಿಲ್ಲ,
ನಮಗೆ ಬರುತ್ತದೆ, ಕರೆದೆವು, ಬೈದೆವು.
ಅಮಾವಾಸ್ಯೆಗೆ ಪಡುಮೂಲೆ ಬಾಯಿಬಿಟ್ಟಿತು.
ಟಾರ್ಚು ಹಿಡಿದು ಎದೆಮಟ್ಟ ನೀರಿಗೆ ಮತ್ತೆ ಇಳಿದಾಗ
ಬೈಸಿಕೊಂಡವರಲ್ಲಿ ಇಬ್ಬರು ಮೊದಲೇ ಅಲ್ಲಿದ್ದರು.

ಮಳೆ ಬಂದರೆ ಇದೆಲ್ಲ ಹೋಗುತ್ತದೆ, ಗೊತ್ತು.
ಚೀಲ ಎಣಿಸಿಟ್ಟಿದ್ದೇವೆ.

ಇವತ್ತು ನನ್ನ ಪಾಳಿ.
ಚಾ ಕುಡಿಯದೆ ಬಂದು, ಒಂದು ಗುಟುಕು,
ಬದಿಯನ್ನು ಕೇಳಿ, ಉಗುಳಿದೆ.
'ಹೇಗಿದೆ?' ದೇಯಿಯಕ್ಕ.
'ಏನೂ ಇಲ್ಲ.'
'ಹಾಗಾದರೆ ನನ್ನ ಬಾಯಿಯ ಹಾಗೇ' ಎಂದು ನಕ್ಕಳು.
ಪುಸ್ತಕದಲ್ಲಿ ಚಪ್ಪೆ ಎಂದು ಬರೆದು
ಸ್ವಿಚ್ಚು ಒತ್ತಿದೆ.
ಪಂಪು ಎರಡು ಸಲ ಕೆಮ್ಮಿತು, ಹಿಡಿಯಿತು.