ಖಾಲಿ ಕೈ ತೋರಿಸುವುದು

ಮೊದಲು ಇದನ್ನು ಕಲಿ, ಟೆವಿಟಾ:
ಮೇಜು ಬಿಟ್ಟೇಳುವ ಮುನ್ನ ಒಂದು ಚಪ್ಪಾಳೆ,
ಆಮೇಲೆ ಅಂಗೈ ಮೇಲೆ, ಅಂಗೈ ಕೆಳಗೆ.
ಚಾವಣಿಯ ಕಪ್ಪು ಗಾಜಿನ ಕಣ್ಣಿಗೆ ಕಾಣಬೇಕು
ನೀನು ಏನನ್ನೂ ಒಯ್ಯುತ್ತಿಲ್ಲವೆಂದು.
ಎಲೆ ಕಲೆಸುವುದು ಬಿಡು, ಬೆರಳಿಗೆ ತಾನಾಗಿ ಬರುತ್ತದೆ.

ನಾನು ವೇಗಸ್ಸಿಗೆ ಬಂದಾಗ ಇದು ಇಷ್ಟಿರಲಿಲ್ಲ.
ಹಳೇ ಪೇಟೆಯ ಹೋಟೆಲು, ಊಟದ ಕೋಣೆಗೆ ಹೋಗುವ ದಾರಿಯಲ್ಲಿ
ಹಗ್ಗ ಕಟ್ಟಿ ಹದಿನಾಲ್ಕು ಮೇಜು.
ಟೆಕ್ಸಾಸ್ ಕಡೆಯ ಮುದುಕರು,
ಒಬ್ಬನ ಸುಳ್ಳು ಇನ್ನೊಬ್ಬನಿಗೆ
ಹೆಂಡತಿಯ ಕೆಮ್ಮಿನಷ್ಟು ಪರಿಚಿತ.
ಕೊನೆಯ ಆಟ ನೋಡಲು ನಿಂತವರು
ಅಡುಗೆಮನೆಯ ಇಬ್ಬರು, ಒಬ್ಬ ಪತ್ರಕರ್ತ,
ಅವನೂ ದಾರಿ ತಪ್ಪಿ ಬಂದವನು.
ಚಾಂಪಿಯನ್ ಆದವನು ಮರುದಿನ ಬೆಳಿಗ್ಗೆ
ನನ್ನ ಹತ್ತಿರ ನಲವತ್ತು ಡಾಲರ್ ಕೈಗಡ ಕೇಳಿದ.
ಗೆದ್ದದ್ದೆಲ್ಲ ರಾತ್ರಿಯೇ ಹಳೇ ಬಾಕಿಗೆ ಹೋಗಿತ್ತು.
ಕೊಟ್ಟೆ. ಅದು ವಾಪಸು ಬರಲಿಲ್ಲ.

ಆಮೇಲೆ ಯಾರೋ ಮೇಜಿನಂಚಿಗೆ ಗಾಜು ಕೂರಿಸಿ
ಅದರಡಿ ಕ್ಯಾಮೆರಾ ಇಟ್ಟರು.
ಅಷ್ಟೇ ನೋಡು.
ಮುಚ್ಚಿಟ್ಟ ಎರಡೆಲೆ ಮನೆಮನೆಯ ಸೋಫಾಗೆ ಕಂಡುಬಿಟ್ಟವು.
ಆಡುವವನಿಗೆ ಗೊತ್ತಿಲ್ಲದ್ದು ನೋಡುವವನಿಗೆ ಗೊತ್ತು!
ಈ ರುಚಿ ಅಲ್ಲಿಯವರೆಗೆ ದೇವರೊಬ್ಬನಿಗೇ ಇತ್ತು.
ಮರುವರ್ಷ ಹಗ್ಗ ಸಾಲಲಿಲ್ಲ.

ಈಗ ಈ ತುದಿಯ ಮೇಜಿನಿಂದ ಆ ತುದಿ ಕಾಣುವುದಿಲ್ಲ.
ಹೊರಗೆ ನಲವತ್ತೈದು ಡಿಗ್ರಿ, ಒಳಗೆ ಸ್ವೆಟರು.
ಸಾವಿರಾರು ಬೆರಳು ಬಿಲ್ಲೆ ಕಲಕುವ ಸದ್ದು,
ಕಣ್ಣು ಮುಚ್ಚಿದರೆ ಪಂಗಸಿನಾನಿನಲ್ಲಿ ಅವ್ವ ಬತ್ತ ಕೇರುತ್ತಿದ್ದಾಳೆ.
ಮುಚ್ಚಬೇಡ ಕಣ್ಣು. ಮೇಲಿನವರು ಬರೆದುಕೊಳ್ಳುತ್ತಾರೆ.

ಹೋದ ವರ್ಷ ನನ್ನ ಮೇಜಿಗೆ
ಟಾರ್ಟುವಿನಿಂದ ಒಬ್ಬ ಹುಡುಗ, ಮೀಸೆ ಮೂಡಿಲ್ಲ,
ಪರದೆಯ ಮೇಲೆ ಹತ್ತು ಲಕ್ಷ ಕೈ ಆಡಿದ್ದನಂತೆ;
ಬಿಲ್ಲೆ ಪೇರಿಸಲು ಬಾರದೆ ಮೂರು ಸಲ ಕೆಡವಿದ.
ಮಾಂಟೆವಿಡಿಯೊದ ಹಲ್ಲಿನ ಡಾಕ್ಟರಮ್ಮ,
ಸೊಂಟಕ್ಕೆ ಸ್ವಂತದ ದಿಂಬು.
ಲೀಡ್ಸಿನ ಬಸ್ ಡ್ರೈವರ್ ಒಬ್ಬ,
ಡಿಪೋದ ಹನ್ನೊಂದು ಜನ ಚಂದಾ ಹಾಕಿ ಕಳಿಸಿದ್ದರು,
ಅಂಗಿಯ ಬೆನ್ನ ಮೇಲೆ ಹನ್ನೊಂದು ಸಹಿ.
ವಿರಾಮದಲ್ಲಿ ಶೌಚಾಲಯಕ್ಕೆ ಮೈಲುದ್ದ ಸಾಲು, ಗಂಡಸರದ್ದು.
ಹೆಂಗಸರ ಕಡೆ ಖಾಲಿ.
ಈ ಆಟದ ಏಳಿಗೆಯಲ್ಲಿ ನಮ್ಮ ಪಾಲಿಗೆ ಬಂದದ್ದು ಅದೊಂದು.

ಮೂರನೆಯ ರಾತ್ರಿ ಸಾವಿರದೊಂದು ಜನ ಉಳಿದಿದ್ದರು.
ದುಡ್ಡಿರುವುದು ಸಾವಿರಕ್ಕೆ.
ಎಲ್ಲ ಮೇಜೂ ಒಂದೊಂದೇ ಕೈ ಹಂಚಿ, ನಿಂತು, ಕಾದು.
ಡ್ರೈವರನ ಹತ್ತಿರ ಎರಡು ರಾಜ.
ಹುಡುಗನಲ್ಲಿ ಒಂದು ಎಕ್ಕ, ಕಳಾವರದ ಏಳು.
ಇಬ್ಬರೂ ಎಲ್ಲವನ್ನೂ ನಡುವೆ ನೂಕಿದರು.
ನಾಲ್ಕೆಲೆ ಬಿಡಿಸಿದೆ, ರಾಜರು ಅಲುಗಲಿಲ್ಲ.
ಐದನೆಯದು ಹೆಬ್ಬೆರಳಿಗೆ ಭಾರ ಅನ್ನಿಸಿತು.
ಸುಳ್ಳು. ಎಲ್ಲ ಎಲೆಗೂ ಒಂದೇ ತೂಕ.
ಎಕ್ಕ.

ಆಗ ಎದ್ದಿತು ನೋಡು ಚಪ್ಪಾಳೆ.
ಸಾವಿರ ಜನ ಕುರ್ಚಿ ಒದ್ದೆದ್ದು, ತಬ್ಬಿಕೊಂಡು, ಶಿಳ್ಳೆ ಹೊಡೆದು.
ಅವನಿಗಲ್ಲ, ಅವನು ಹೋದದ್ದಕ್ಕೆ.
ಅವನು ಕೋಟು ಹುಡುಕುತ್ತಿದ್ದ.
ಕುರ್ಚಿಯ ಬೆನ್ನಿಗೇ ಇತ್ತು.
‘ನಿನ್ನ ತಪ್ಪಲ್ಲ, ಲಿಗಾಯಾ’ ಅಂದ.
ಎದೆಯ ಬಿಲ್ಲೆಯ ಹೆಸರನ್ನು ಅಲ್ಲಿಯವರೆಗೆ ಯಾರೂ ಓದಿರಲಿಲ್ಲ.
ತಪ್ಪಲ್ಲವೆಂದು ನನಗೂ ಗೊತ್ತು. ಆದರೂ
ಯಾರಾದರೂ ಹೇಳಲಿ ಅಂತ ಇಷ್ಟು ವರ್ಷ ಕಾದಿದ್ದೆನೇನೋ.

ನನ್ನ ಪಾಳಿ ಮುಗಿದಿತ್ತು.
ಆ ಗದ್ದಲದೊಳಗೆ ನಾನೂ ತಟ್ಟಿದೆ, ಒಂದೇ ಸಲ.
ಅಂಗೈ ಮೇಲೆ, ಅಂಗೈ ಕೆಳಗೆ.
ಅವನು ತಿರುಗಿ ನೋಡಿದ.
ಏನೆಂದುಕೊಂಡನೋ.

ಹೋಗು, ಗಂಟೆಯಾಯಿತು. ಉಗುರು ಕತ್ತರಿಸಿಕೋ.
ಟೀವಿಯಲ್ಲಿ ನಮ್ಮ ಮುಖ ಬರುವುದಿಲ್ಲ, ಕೈ ಬರುತ್ತದೆ.
ಅದನ್ನು ನೋಡಿಯೇ ಊರಿನಿಂದ ತಂಗಿ ಫೋನು ಮಾಡುತ್ತಾಳೆ:
ಅಕ್ಕಾ, ಸೊರಗಿದ್ದೀಯ.