ಲೆಕ್ಕದ ಪ್ರಕಾರ ಬಿದ್ದ ಹೊಗೆಗೂಡು

ಗೋಡೆಗೂ ಕಿವಿಯುಂಟು ಅನ್ನುತ್ತಾರೆ.
ಇರಲಿ. ನನ್ನ ಕಸುಬಿಗೆ ಬೇಕಾದದ್ದು
ಅದಕ್ಕೆ ಹೆಗಲುಂಟೇ ಎಂಬುದು.

ವೇಲ್ಸಿನ ರೊಂಡ ಕಣಿವೆ. ಇಳಿಜಾರು ಬೀದಿಯಲ್ಲಿ
ಒಂದರ ಪಕ್ಕೆಗೊಂದು ಆತುಕೊಂಡ ನಲವತ್ತು ಗಣಿಮನೆ.
ಇಪ್ಪತ್ತಾರನೆಯದು ಮೆನ್ನಾ ಪ್ರಾದರೋ ಅವರದ್ದು.
ಅಡುಗೆಮನೆಗೂ ಕೂರುವ ಕೋಣೆಗೂ ನಡುವಿನ ಗೋಡೆ
ತೆಗೆಯಬೇಕು, ಅಷ್ಟೆ.
"ಒಲೆ ಮುಂದೆ ನಿಂತರೆ
ಎದುರಿನ ಗುಡ್ಡ ಕಾಣಬೇಕು ನನಗೆ."

ಕೆಲಸದ ಹುಡುಗ ಗೆಥಿನ್ ಗೆಣ್ಣಿನಿಂದ ತಟ್ಟಿ
"ಅರ್ಧ ಇಟ್ಟಿಗೆ ದಪ್ಪ. ಒಂದು ದಿನದ ಕೆಲಸ.
ಲೆಕ್ಕ ಗಿಕ್ಕ ಯಾಕೆ?" ಅಂದಿದ್ದನಂತೆ.
ಗೋಡೆಯ ಗುಟ್ಟು ಗೋಡೆ ತಟ್ಟಿದರೆ ತಿಳಿಯದು ತಮ್ಮಾ,
ಮೇಲೆ ಹತ್ತಬೇಕು.

ಕೆಳಗೆ ಅಗ್ಗಿಷ್ಟಿಕೆ ಇಲ್ಲ,
ಅದಿದ್ದ ಜಾಗದಲ್ಲಿ ಪಿಯಾನೊ.
ಮೇಲೆ, ಮಲಗುವ ಕೋಣೆಯಲ್ಲಿ, ಹೊಗೆಗೂಡು ಇದೆ.
ಅಟ್ಟದಲ್ಲೂ ಇದೆ. ಮಾಡು ತೂರಿ ಆಚೆ
ನಾಲ್ಕು ಮಣ್ಣಿನ ಕೊಳವೆ, ಒಂದರಲ್ಲಿ ಕಾಗೆಗೂಡು.
ಮೂರು ಟನ್ ಇಟ್ಟಿಗೆ,
ಕಾಲಿಲ್ಲ.

"ಯಾರು ತೆಗೆದದ್ದು?"
"ನನ್ನವರು, ಇಸ್ಲುವಿನ್. ಗಣಿ ಮುಚ್ಚಿದ ವರ್ಷ.
ಕೈ ಸುಮ್ಮನಿರುತ್ತಿರಲಿಲ್ಲ ಅವರದ್ದು.
ನನಗೊಂದು ಪಿಯಾನೊ, ಪಿಯಾನೊಗೊಂದು ಜಾಗ."
ಆಮೇಲೆ ನನ್ನ ಮುಖ ನೋಡಿ,
"ಬಿದ್ದಿಲ್ಲವಲ್ಲ?"

ಹಲಗೆ ಎಬ್ಬಿಸಿದೆ. ಟಾರ್ಚು ಬಿಟ್ಟೆ.
ಮಸಿಯೊಳಗೆ ಮಲಗಿತ್ತು ಕಂಬಿ,
ಕಲ್ಲಿದ್ದಲ ಬಂಡಿ ಓಡುವ ಕಂಬಿ, ಹನ್ನೊಂದಡಿ.
ಯಾವ ರಾತ್ರಿ, ಯಾರ್‍ಯಾರು ಹೊತ್ತು ತಂದರೋ.
ಒಂದು ತುದಿ ಬೀದಿಗೋಡೆಯೊಳಗೆ.
ಇನ್ನೊಂದು
ಅದೇ ಅರ್ಧ ಇಟ್ಟಿಗೆಯ ನೆತ್ತಿಯ ಮೇಲೆ,
ನಡುವೆ ಸ್ಲೇಟಿನ ಮೂರು ಬಿಲ್ಲೆ, ಸರಿಯಾದ ಮಟ್ಟಕ್ಕೆ ಉಜ್ಜಿದ್ದು.
ಸುರಂಗಕ್ಕೆ ಗೂಟ ಕೊಟ್ಟು ಬದುಕಿದವನ ಕೈ.

ರಾತ್ರಿ ಲೆಕ್ಕಕ್ಕೆ ಕೂತೆ.
ಇಟ್ಟಿಗೆಯ ತೂಕ, ಮಳೆ ಕುಡಿದ ಗಾರೆಯ ತೂಕ,
ಗುಡ್ಡ ಇಳಿದು ಬರುವ ಗಾಳಿಯ ದಬ್ಬು.
ತುಕ್ಕು ಹಿಡಿದ ಕಂಬಿಗೆ
ನಾಲ್ಕರಲ್ಲಿ ಮೂರು ಪಾಲು ನಂಬಿಕೆ ಕೊಟ್ಟೆ.
ಕೊನೆಯ ಅಂಕಿ ಒಂದನ್ನು ದಾಟಬಾರದು.
ಒಂದು ಪಾಯಿಂಟ್ ನಾಲ್ಕು ಬಂತು.
ಚಹಾ ಕುಡಿದು ಮತ್ತೆ ಮಾಡಿದೆ.
ಒಂದು ಪಾಯಿಂಟ್ ನಾಲ್ಕು.
ಲೆಕ್ಕದ ಪ್ರಕಾರ ಈ ಹೊಗೆಗೂಡು
ಬಿದ್ದು ಬಹಳ ವರ್ಷವಾಯಿತು,
ಪಿಯಾನೊ ಪುಡಿ, ಅದರ ಮುಂದೆ ಕೂತವರೂ.

ಬೆಳಿಗ್ಗೆ ಹೇಳಿದೆ: ಉಕ್ಕಿನ ತೊಲೆ ಎರಡು,
ತುದಿಗಳಡಿ ಕಾಂಕ್ರೀಟಿನ ದಿಂಬು,
ಕೌನ್ಸಿಲ್ಲಿನವರ ತಪಾಸಣೆ, ಪಕ್ಕದ ಮನೆಗೊಂದು ನೋಟೀಸು.
ಬೆಲೆ ಕೇಳಲಿಲ್ಲ ಅವರು.
"ಇಸ್ಲುವಿನ್ ತಪ್ಪು ಮಾಡಿದ್ದರಾ?"

ಇದಕ್ಕೆ ಯಾವ ಕೋಷ್ಟಕದಲ್ಲೂ ಸಾಲಿಲ್ಲ.
"ತೂಕ ಬಲ್ಲವರು" ಅಂದೆ. "ಗಾಳಿಯೊಂದನ್ನು ಮರೆತರು.
ಗಣಿಯೊಳಗೆ ಗಾಳಿ ಗೋಡೆಯನ್ನು ದಬ್ಬುವುದಿಲ್ಲ ನೋಡಿ."
"ಮತ್ತೆ ಇಷ್ಟು ವರ್ಷ ಹಿಡಿದದ್ದು?"
ಪಕ್ಕದ ಗೋಡೆ ತೋರಿಸಿದೆ. ಎರಡೂ ಮನೆಯ ಇಟ್ಟಿಗೆ
ಹಲ್ಲಿಗೆ ಹಲ್ಲು ಕಚ್ಚಿಕೊಂಡಿವೆ ಅಲ್ಲಿ.
ಕಂಬಿ ಬಾಗಿದಷ್ಟನ್ನು ಬೆಡೋ ಅವರ ಮನೆ
ತನಗೆ ಗೊತ್ತಿಲ್ಲದೆ ಹೊತ್ತಿದೆ.

ಮೆನ್ನಾ ಕುರ್ಚಿ ಎಳೆದು ಕೂತರು.
"ಹದಿನಾಲ್ಕು ವರ್ಷವಾಯಿತು
ಆ ಹೆಂಗಸಿನ ಜೊತೆ ನಾನು ಮಾತು ಬಿಟ್ಟು.
ಒಂದು ಬೇಲಿಗಿಡದ ವಿಷಯಕ್ಕೆ."

ನೋಟೀಸನ್ನು ಅಂಚೆಗೆ ಹಾಕಲೇ ಅಂದೆ.
ಉತ್ತರ ಕೊಡದೆ ಲಕೋಟೆ ತೆಗೆದುಕೊಂಡರು,
ಪಿಯಾನೊದ ಮೇಲಿಟ್ಟರು, ಮತ್ತೆ ತೆಗೆದುಕೊಂಡರು,
ಕನ್ನಡಿ ನೋಡದೆ ಕೋಟು ಹಾಕಿಕೊಂಡರು.

ನಾನೂ ಗೆಥಿನ್ನೂ ಅಷ್ಟರಲ್ಲಿ
ಕಂಬಿಯಡಿಗೆ ತಾತ್ಕಾಲಿಕ ಆಸರೆ ನಿಲ್ಲಿಸುತ್ತಿದ್ದೆವು.
ಅವನು ಹಿಡಿ ತಿರುಗಿಸಿದ. ಮಸಿ ಉದುರಿತು.
ಪಕ್ಕದ ಬಾಗಿಲಲ್ಲಿ ಗಂಟೆ ಒಮ್ಮೆ ಸದ್ದಾಗಿ ನಿಂತಿತು.
"ಇನ್ನೂ ಬಿಗಿ ಮಾಡಲಾ?"
"ಬೇಡ. ಎತ್ತಬೇಡ ಅದನ್ನು.
ತಾಗಿದರೆ ಸಾಕು."