ಪೆನ್ಸಿಲ್ ಅಚ್ಚು

ಸುದ್ದಿ ತಂದವನು ಎಳನೀರಿನ ಮುನಿಶಾಮಿ.
ಕತ್ತಿಯ ತುದಿಗೆ ಪೇಪರು ಸಿಕ್ಕಿಸಿಕೊಂಡು ಬಂದ:
"ಅಣ್ಣೋ, ನಿನ್ನೆ ವಿಧಾನಸೌಧದಲ್ಲಿ
ನಿನ್ನ ಪೆನ್ಸಿಲ್ ಮುರಿದವ್ರೆ."

ಒಂಬತ್ತು ಸಾಲು, ಚಿನ್ನದ ರೇಟಿನ ಕೆಳಗೆ.
ಟ್ರೇಲರ್ ನೋಂದಣಿ ಇನ್ನು ಸರಳ. ಮಸೂದೆ ಪಾಸು.
ಚರ್ಚೆಯಿಲ್ಲ, ಧ್ವನಿಮತ,
ಊಟದ ಬಿಡುವಿಗೆ ಐದು ನಿಮಿಷ ಮುಂಚೆ.
ನಾಲ್ಕಿದ್ದ ಫಾರಮ್ಮು ಒಂದಾಯಿತು.
ಗಾಡಿಯನ್ನು ಆಫೀಸಿನ ತನಕ ಎಳೆದು ತರಬೇಕಿಲ್ಲ;
ಬೆಸುಗೆ ಹಾಕಿದವನೇ ನಂಬರಿನ ಫೋಟೋ ಹೊಡೆದು
ಕಳಿಸಿದರೆ ಸಾಕು.

ಕೆ.ಆರ್.ಪುರದ ಆರ್‌ಟಿಓ ಗೇಟಿನೆದುರು
ಹೊಂಗೆ ಮರದಡಿ ನನ್ನದೊಂದು ಕಬ್ಬಿಣದ ಸ್ಟೂಲು.
ಇಪ್ಪತ್ತಾರು ವರ್ಷದಿಂದ ಕಸುಬು ಇಷ್ಟೇ:
ಟ್ರೇಲರಿನ ಹೊಟ್ಟೆಯಡಿ ಅಂಗಾತ ಮಲಗಿ
ಮಣ್ಣು, ಗ್ರೀಸು, ಹಳೇ ಬಣ್ಣ ಕೆರೆದು
ಚಾಸಿಗೆ ತೆಳು ಕಾಗದ ಒತ್ತಿ ಹಿಡಿದು
ಪೆನ್ಸಿಲಿನ ಪಕ್ಕೆಯಿಂದ ಮೆಲ್ಲಗೆ ತೀಡುವುದು.
ಕಪ್ಪಿನೊಳಗಿಂದ ಬೆಳ್ಳಗೆ ಏಳುತ್ತವೆ ಅಂಕಿ
ಒಂದೊಂದಾಗಿ,
ಬೆಳಗ್ಗೆ ಸ್ಕೂಲಿದೆಯೆಂದು ಎಬ್ಬಿಸಿದ ಮಕ್ಕಳ ಹಾಗೆ.

ಕಾಮಾಕ್ಷಿಪಾಳ್ಯದ ಅಮಾನುಲ್ಲಾ ಸಾಬರ ಗಾಡಿಯಾದರೆ
ಬೆರಳಾಡಿಸಿಯೇ ಹೇಳುತ್ತಿದ್ದೆ.
ಅವರ ಏಳರ ಅಚ್ಚಿಗೆ ಮೂತಿ ಸವೆದಿದೆ,
ಸುತ್ತಿಗೆ ಏಟು ಎಡಕ್ಕೆ ವಾಲುತ್ತದೆ,
ಉಪವಾಸದ ತಿಂಗಳ ಸಂಜೆ ಕುಟ್ಟಿದ ನಂಬರು
ಉಳಿದವಕ್ಕಿಂತ ಒಂದು ಕೂದಲು ಆಳ ಕಡಿಮೆ.
ಫೋಟೋದಲ್ಲಿ ಇದೆಲ್ಲ ಬರುತ್ತದೋ ಇಲ್ಲವೋ.

ಫಾರಮ್ಮು ತುಂಬುವವನೂ ನಾನೇ.
ಎಂಜಿನ್ ನಂಬರು? ಇಲ್ಲ.
ಇಂಧನ? ಇಲ್ಲ.
ಅಶ್ವಶಕ್ತಿ? ಇಲ್ಲ.
ಚಾಲಕನೂ ಸೇರಿ ಕೂರುವವರ ಸಂಖ್ಯೆ? ಇಲ್ಲ.
ಖಾಲಿ ಬಿಟ್ಟರೆ ಕಿಟಕಿಯಿಂದಲೇ ವಾಪಸು;
ಇಲ್ಲದ್ದನ್ನು ಇಲ್ಲವೆಂದು ಬರೆದೇ ತೋರಿಸಬೇಕು.
ಗಾಡಿಯೊಂದಕ್ಕೆ ಹನ್ನೊಂದು ಇಲ್ಲ.
ಆ ಇಲ್ಲಗಳಿಂದಲೇ ಮನೆಗೆ ಅಕ್ಕಿ ಬಂತು,
ಹೊರಮಾವಿನಲ್ಲಿ ಶೀಟಿನ ಎರಡು ಕೋಣೆ,
ಮಗಳ ಬಿ.ಎಡ್ಡು.

ವರ್ತೂರಿನ ಪಿಳ್ಳಮ್ಮ
ನೀರು ಟ್ಯಾಂಕಿನ ಟ್ರೇಲರ್ ಕಟ್ಟಿಸಿ ಮೂರು ಸಲ ತಿರುಗಿದಳು.
ಮೊದಲ ಸಲ ಸಾಹೇಬರು ರಜೆ.
ಎರಡನೆಯ ಸಲ, ಟ್ರ್ಯಾಕ್ಟರ್ ಅವಳದು,
ಟ್ರೇಲರಿನ ಬಿಲ್ಲು ತೀರಿಹೋದ ಗಂಡನ ಹೆಸರಲ್ಲಿ.
ಮೂರನೆಯ ಸಲ ಮಾರತ್ತಹಳ್ಳಿ ಸೇತುವೆ ಹತ್ತಿರ ಎರಡು ತಾಸು,
ಟೋಕನ್ ಮುಗಿದಿತ್ತು.
ಸ್ಟೂಲಿನ ಪಕ್ಕ ಕುಕ್ಕರಿಸಿ ಕೇಳಿದಳು:
"ಅಲ್ಲಣ್ಣಾ, ಇದು ತಾನಾಗಿ ಒಂದ್ ಹೆಜ್ಜೆ ಇಡಲ್ಲ.
ಎಳೆದ ಕಡೆ ಬತ್ತದೆ, ಬಿಟ್ಟ ಕಡೆ ನಿಂತ್ಕತದೆ.
ಇಂಥದ್ರ ಮ್ಯಾಲೂ ಇವ್ರಿಗೆ ಇಷ್ಟೊಂದು ಅನುಮಾನವಾ?"
ಏನು ಹೇಳಲಿ.
ಅಚ್ಚಿನ ಇಪ್ಪತ್ತು ರೂಪಾಯಿ ಮಾತ್ರ
ಬಿಡದೆ ಇಸಿದುಕೊಂಡೆ.

ಕಾನೂನು ಒಳ್ಳೆಯದು.
ತಪ್ಪು ಹುಡುಕಲೆಂದೇ ಎರಡು ಸಲ ಓದಿದೆ, ಸಿಗಲಿಲ್ಲ.
ಪಿಳ್ಳಮ್ಮನಿಗೆ ಇದು ಹತ್ತು ವರ್ಷ ಮೊದಲೇ ಬರಬೇಕಿತ್ತು.
ಹಾಗೆಂದು ಜೋರಾಗಿ ಹೇಳಲೂ ಹೇಳಿದೆ;
ಮುನಿಶಾಮಿ ನನ್ನ ಮುಖ ನೋಡಿ
ಕೇಳದೆಯೇ ಒಂದು ಗಂಜಿಕಾಯಿ ಕೆತ್ತಿಕೊಟ್ಟ.

ಸಂಜೆ ಗೇಟು ಹಾಕಿದ ಮೇಲೆ ಸ್ಟೂಲು ಎತ್ತಿದೆ.
ಅದೂ ಅಮಾನುಲ್ಲಾ ಸಾಬರು ಬಾಕಿ ತೀರಿಸಲು ಕೊಟ್ಟದ್ದು,
ಗುಜರಿಗೆ ಹೋದ ಯಾವುದೋ ಟ್ರೇಲರಿನ ಕಬ್ಬಿಣ.
ಇಷ್ಟು ವರ್ಷ ಕೂತೆ, ಒಮ್ಮೆಯೂ ಬೋರಲು ಹಾಕಿ ನೋಡಿರಲಿಲ್ಲ.
ಅಡ್ಡಪಟ್ಟಿಯಲ್ಲಿ ಏನೋ ಬೆರಳಿಗೆ ತಡೆಯಿತು.
ಕಾಗದ ಒತ್ತಿದೆ, ತೀಡಿದೆ.
ನಾಲ್ಕು, ಸೊನ್ನೆ, ಮೂತಿ ಸವೆದ ಏಳು.
ಮುಂದಿನದನ್ನು ಗರಗಸ ತಿಂದಿತ್ತು.

ಚೀಲದಲ್ಲಿ ಹಳೇ ಫಾರಮ್ಮು ಉಳಿದಿದ್ದವು.
ಒಂದನ್ನು ತೊಡೆಯ ಮೇಲೆ ಹರಡಿಕೊಂಡೆ.
ಎಂಜಿನ್? ಇಲ್ಲ. ಇಂಧನ? ಇಲ್ಲ.
ಅಶ್ವಶಕ್ತಿ? ಇಲ್ಲ.
ಕೂರುವವರ ಸಂಖ್ಯೆ?
ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ
ಆ ಜಾಗದಲ್ಲಿ ಬರೆದೆ:
ಒಂದು.